ಹಳೇ ಸಿ.ಐ.ಡಿ. ಪೋಸ್ಟರ್ ಮೇಲೆ ಟಾಕೀಸಿನವರು ಅಂಟಿಸಿದ ಚೀಟಿ: ಕೀಳಬೇಕಾ, ಬಿಡಬೇಕಾ?

ಶಹಾಪುರ_ಗಲ್ಲಿ (ಬೆಳಗಾವಿ):

ಎಲ್ಲರಿಗೂ ನಮಸ್ಕಾರ. ಹಳೇ ಗೂಢಚಾರಿ ಸಿನಿಮಾಗಳ ಪೋಸ್ಟರ್, ಹಾಡಿನ ಪುಸ್ತಕ, ಶೋಕೇಸಿನ ಫೋಟೋ ಇವನ್ನೆಲ್ಲ ಕೂಡಿಡುವ ಹುಚ್ಚು ನನಗೆ ಹೊಸದಾಗಿ ಹತ್ತಿದೆ. ಇಲ್ಲಿ ತಿಳಿದವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ಖಾಸಬಾಗದ ಸಂತೆಯಲ್ಲಿ ಒಬ್ಬ ರದ್ದಿ ವ್ಯಾಪಾರಿ ಪರಿಚಯ. ಅವನ ಹತ್ತಿರ ಮೂರು ಸಾಮಾನು ಇವೆ. ಮೊದಲನೇದು ‘ಗೋವಾದಲ್ಲಿ ಸಿ.ಐ.ಡಿ. 999’ ಪೋಸ್ಟರ್, ಕನ್ನಡದ್ದು, ಅಣ್ಣಾವ್ರ ಕೈಯಲ್ಲಿ ಪಿಸ್ತೂಲು, ಬಣ್ಣ ಇನ್ನೂ ಚೆನ್ನಾಗಿದೆ. ಎರಡನೇದು ಇಂಗ್ಲಿಷ್ ಬಾಂಡ್ ಪೋಸ್ಟರ್, ‘ಥಂಡರ್‌ಬಾಲ್’. ಮೂರನೇದು ಬಟ್ಟೆ ಮೇಲೆ ಕೈಯಲ್ಲಿ ಬರೆದ ದೊಡ್ಡ ಬ್ಯಾನರಿನ ಅರ್ಧ ಭಾಗ. ಸಿನಿಮಾ ಹೆಸರಿನ ಕಡೆಯ ಅರ್ಧ ಇಲ್ಲ, ಇಲಿ ತಿಂದಿದೆ, ಒಬ್ಬ ಹೀರೋ ಕೋಟು ಹಾಕಿಕೊಂಡು ಗುರಿ ಇಟ್ಟಿದ್ದಾನೆ ಅಷ್ಟೇ.

ಮೂರಕ್ಕೂ ಸೇರಿ ಎಂಟು ಸಾವಿರ ಹೇಳುತ್ತಾನೆ. ಕನ್ನಡದ್ದು 1968ರ ಒರಿಜಿನಲ್ ಅಂತ ಆಣೆ ಇಡುತ್ತಾನೆ. ತೊಂದರೆ ಏನಂದ್ರೆ ಪೋಸ್ಟರಿನ ಕೆಳಗಡೆ ಒಂದು ಬಿಳಿ ಚೀಟಿ ಅಂಟಿಸಿದ್ದಾರೆ, ಕೆಂಪು ಮಸಿಯಲ್ಲಿ ಬಿಜಾಪುರದ ಒಂದು ಟಾಕೀಸಿನ ಹೆಸರು, ‘ಇಂದಿನಿಂದ ದಿನಾಲು 4 ಆಟ’. ಅದು ಕೆಳಗಿನ ಸಣ್ಣ ಅಕ್ಷರದ ಸಾಲನ್ನೆಲ್ಲ ಮುಚ್ಚಿಬಿಟ್ಟಿದೆ. ಒದ್ದೆ ಬಟ್ಟೆ ಇಟ್ಟರೆ ಹತ್ತು ನಿಮಿಷದಲ್ಲಿ ಎದ್ದು ಬರುತ್ತದೆ, ಕ್ಲೀನ್ ಆದರೆ ಡಬಲ್ ರೇಟು ಅಂತ ಅವನೇ ಹೇಳಿಕೊಟ್ಟ. ಮಾಡಲಾ? ಇನ್ನೊಂದು, ಇದು ನಿಜವಾಗಲೂ 1968ರದ್ದೇನಾ, ಹೇಗೆ ನೋಡುವುದು?

---

ರದ್ದಿರಾಯ (ಟಿಳಕವಾಡಿ, ಬೆಳಗಾವಿ):

ಮೊದಲು ಆ ಒದ್ದೆ ಬಟ್ಟೆ ಬದಿಗೆ ಇಡಿ.

ಆ ಕಾಲದ ಟಾಕೀಸಿನವರು ಅಂಟಿಸುತ್ತಿದ್ದದ್ದು ಮೈದಾ ಕುದಿಸಿದ ಅಂಟು. ದನ ನೆಕ್ಕಬಾರದು, ಹುಳ ಹತ್ತಬಾರದು ಅಂತ ಅದರಲ್ಲಿ ಮೈಲುತುತ್ತ ಹಾಕುವುದೂ ಇತ್ತು. ನೀರು ಬಿದ್ದರೆ ಅಂಟು ಸಡಿಲ ಆಗುತ್ತದೆ ನಿಜ, ಆದರೆ ಅಗ್ಗದ ಕಾಗದ ಅದಕ್ಕಿಂತ ಮೊದಲು ಮೆತ್ತಗಾಗಿರುತ್ತದೆ. ಚೀಟಿ ಎಳೆದಾಗ ಕೆಳಗಿನ ಪೋಸ್ಟರಿನ ಮೇಲ್ಪದರ, ಮಸಿ ಸಮೇತ, ಅದರ ಜೊತೆಗೇ ಬರುತ್ತದೆ. ಆಮೇಲೆ ಅಲ್ಲಿ ಉಳಿಯುವುದು ಬೂದು ಬಣ್ಣದ ಒಂದು ಪಟ್ಟೆ. ಸಾಲೂ ಇಲ್ಲ, ಚೀಟಿಯೂ ಇಲ್ಲ.

ಕೆಳಗಿನ ಸಾಲು ಓದಲು ಕೀಳಬೇಕಾಗಿಯೇ ಇಲ್ಲ. ಬೆಳಗ್ಗೆ ಬಿಸಿಲು ಬರುವ ಕಿಟಕಿಯ ಗಾಜಿಗೆ ಪೋಸ್ಟರ್ ಹಿಡಿಯಿರಿ, ಒಬ್ಬರು ಹಿಡಿಯಲಿ ಒಬ್ಬರು ನೋಡಲಿ. ಗಾಜು ಇಲ್ಲದಿದ್ದರೆ ಹಿಂದಿನಿಂದ ಮೊಬೈಲ್ ಟಾರ್ಚ್. ಚೀಟಿಯ ಅಕ್ಷರ, ಕೆಳಗಿನ ಅಕ್ಷರ ಎರಡೂ ಒಂದರ ಮೇಲೊಂದು ಕಾಣುತ್ತವೆ. ಗೊಂದಲ ಅನಿಸಿದರೆ ಫೋಟೋ ತೆಗೆದು ದೊಡ್ಡದು ಮಾಡಿ. ಚೀಟಿ ಕೆಂಪು ಮಸಿಯದ್ದು ಅಂದಿರಿ, ಅದು ನಿಮಗೆ ಅನುಕೂಲವೇ. ಕಪ್ಪು ಅಕ್ಷರ ಬೇರೆಯಾಗಿ ಕಾಣುತ್ತದೆ.

ಅಲ್ಲಿ ನೋಡಬೇಕಾದ್ದು ಮುದ್ರಕರ ಸಾಲು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ಪ್ರಕಾರ ಅಚ್ಚಾದ ಕಾಗದದ ಮೇಲೆ ಮುದ್ರಿಸಿದವರ ಹೆಸರು ಮತ್ತು ಊರು ಇರಲೇಬೇಕಿತ್ತು. ಅದಕ್ಕೇ ನಮ್ಮ ಪೋಸ್ಟರುಗಳ ತುದಿಯಲ್ಲಿ ಮದ್ರಾಸ್, ಶಿವಕಾಶಿ, ಬೆಂಗಳೂರು ಅಂತ ಇರುವೆ ಗಾತ್ರದ ಅಕ್ಷರ ಇರುತ್ತದೆ. ಹೀರೋ ಮುಖ ಎಲ್ಲರೂ ನೋಡುತ್ತಾರೆ, ವರ್ಷ ಹೇಳುವುದು ಈ ಸಾಲು. ಊರಿನ ಪಕ್ಕ ಆರು ಅಂಕಿಯ ಪಿನ್‌ಕೋಡ್ ಇದೆಯಾ? ಪಿನ್‌ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ಅದಕ್ಕಿಂತ ಮುಂಚೆ ‘ಮದ್ರಾಸ್-17’, ‘ಬೆಂಗಳೂರು-9’ ಹೀಗೆ ಸಣ್ಣ ಅಂಕಿ. ವಿಳಾಸದಲ್ಲಿ ಮೈಸೂರು ರಾಜ್ಯ ಅಂತಿದೆಯೋ ಕರ್ನಾಟಕ ಅಂತಿದೆಯೋ? ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಚೆನ್ನೈ ಅಂತಿದ್ದರೆ 1996ರ ನಂತರದ್ದು, ಅಲ್ಲಿಗೆ ಮಾತು ಮುಗಿಯಿತು.

ಅದಕ್ಕಿಂತ ಸುಲಭದ್ದು ಇನ್ನೊಂದಿದೆ. ಮೇಲೆ ದೊಡ್ಡ ಅಕ್ಷರದಲ್ಲಿ ಏನು ಬರೆದಿದ್ದಾರೆ, ಬರೀ ರಾಜ್‌ಕುಮಾರ್ ಅಂತಲೋ, ಡಾ. ರಾಜ್‌ಕುಮಾರ್ ಅಂತಲೋ? ಮೈಸೂರು ವಿಶ್ವವಿದ್ಯಾಲಯ ಅಣ್ಣಾವ್ರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. 1968ರ ಪೋಸ್ಟರಿನಲ್ಲಿ ಅವರು ಡಾಕ್ಟರ್ ಆಗಿರಲು ಸಾಧ್ಯ ಇಲ್ಲ. ‘ಪದ್ಮಭೂಷಣ’ ಅಂತಲೂ ಇದ್ದರೆ 1983ರ ಈಚೆಗೆ ಬನ್ನಿ.

ಥಂಡರ್‌ಬಾಲ್ ಅಳತೆ ಎಷ್ಟು? ಟೇಪ್ ಹಿಡಿದು ಹೇಳಿ.

---

ಕ್ಲೀನ್_ಕಾಪಿ:

ರದ್ದಿರಾಯರು ಹೇಳಿದ್ದು ಸರಿ, ನೀರು ಬೇಡ. ಆದರೆ ಚೀಟಿ ಇರಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಪೋಸ್ಟರ್ ಕೊಳ್ಳುತ್ತೇನೆ, ಮಾರುತ್ತೇನೆ ಕೂಡ. ಬೆಂಗಳೂರು, ಮುಂಬೈ ಗಿರಾಕಿಗಳು ಗೋಡೆಗೆ ಫ್ರೇಮ್ ಹಾಕಿಸಲು ಕೇಳುತ್ತಾರೆ. ಅವರಿಗೆ ಚೀಟಿ ಅಂದರೆ ಕಲೆ ಇದ್ದ ಹಾಗೆ. ಕಾಗದ ರಿಪೇರಿ ಗೊತ್ತಿರುವವರ ಕೈಗೆ ಕೊಟ್ಟು ನಿಧಾನ ತೆಗೆಸಿ, ಹಿಂದೆ ತೆಳು ಕಾಗದ, ಅದರ ಹಿಂದೆ ಬಟ್ಟೆ ಹಚ್ಚಿಸಿ. ಖರ್ಚು ಬರುತ್ತದೆ. ನಾಳೆ ಮಾರುವ ಮನಸ್ಸಿದ್ದರೆ ಅದೇ ದಾರಿ.

---

ಗುಮ್ಮಟದ_ಹುಡುಗ (ವಿಜಯಪುರ):

ಕ್ಲೀನ್_ಕಾಪಿ ಅಣ್ಣಾ, ಸಿಟ್ಟಾಗಬೇಡಿ, ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ಚೀಟಿ ಇದ್ದದ್ದಕ್ಕೇ ಅದು ನಮ್ಮ ಊರಿನ ಪೋಸ್ಟರ್. ಕಿತ್ತರೆ ಅದು ಎಲ್ಲಿಯದೂ ಅಲ್ಲ.

ಯೋಚನೆ ಮಾಡಿ ನೋಡಿ. ಪೋಸ್ಟರ್ ಎಲ್ಲೋ ಮದ್ರಾಸಿನಲ್ಲೋ ಶಿವಕಾಶಿಯಲ್ಲೋ ಒಂದೇ ಸಲ ರಾಶಿಗಟ್ಟಲೆ ಅಚ್ಚಾಗಿ ರಾಜ್ಯದ ತುಂಬ ಹೋಗಿರುತ್ತದೆ. ನಮ್ಮ ಕಡೆಗೆ ಹುಬ್ಬಳ್ಳಿಯ ಹಂಚಿಕೆದಾರರ ಕಡೆಯಿಂದ ಬರುತ್ತಿತ್ತು. ಆದರೆ ಚೀಟಿ? ಅದು ಇಲ್ಲಿಯದೇ ಯಾವುದೋ ಸಣ್ಣ ಪ್ರೆಸ್ಸಿನಲ್ಲಿ, ಆ ವಾರಕ್ಕೆ ಎಷ್ಟು ಬೇಕೋ ಅಷ್ಟೇ ಅಚ್ಚು ಹಾಕಿಸಿದ್ದು. ವಾರ ಮುಗಿದರೆ ಅದರ ಕೆಲಸ ಮುಗಿಯಿತು, ಯಾರೂ ಎತ್ತಿಡುವುದಿಲ್ಲ. ಯಾವ ಸಿನಿಮಾ ಯಾವ ಟಾಕೀಸಿನಲ್ಲಿ ದಿನಕ್ಕೆ ಎಷ್ಟು ಆಟ ಓಡಿತು ಅನ್ನುವುದಕ್ಕೆ ನಮ್ಮ ಜಿಲ್ಲೆಗಳಲ್ಲಿ ಇಂಥ ಚೀಟಿ ಬಿಟ್ಟರೆ ಇನ್ನೇನು ಉಳಿದಿದೆ ಹೇಳಿ. ಟಾಕೀಸುಗಳೇ ಕಲ್ಯಾಣ ಮಂಟಪ, ಕಾಂಪ್ಲೆಕ್ಸ್ ಆಗಿ ಹೋದವು.

ಶಹಾಪುರ_ಗಲ್ಲಿ, ಚೀಟಿ ಹಳೇದೋ ಅಲ್ಲವೋ ಗೊತ್ತಾಗಬೇಕಾದರೆ ಒಂದು ಉಪಾಯ. ಕಣ್ಣು ಮುಚ್ಚಿ ದೊಡ್ಡ ಅಕ್ಷರದ ಮೇಲೆ ಬೆರಳು ಆಡಿಸಿ. ಅಚ್ಚುಮೊಳೆ ಜೋಡಿಸಿ ಒತ್ತುವ ಅಚ್ಚಿನ ಕಾಲದ್ದಾದರೆ ಅಕ್ಷರ ಕಾಗದದೊಳಗೆ ಸ್ವಲ್ಪ ಇಳಿದಿರುತ್ತದೆ, ಬೆರಳಿಗೆ ತಗ್ಗು ಸಿಗುತ್ತದೆ. ದೊಡ್ಡ ಅಕ್ಷರಕ್ಕೆ ಮರದ ಅಚ್ಚು ಬಳಸುತ್ತಿದ್ದರು, ಹಳೇ ಮರದ ಅಚ್ಚಾದರೆ ಮಸಿ ಎಲ್ಲ ಕಡೆ ಒಂದೇ ಸಮ ಹತ್ತಿರುವುದಿಲ್ಲ. ‘ಇಂದಿನಿಂದ’ ಅನ್ನುವುದರ ಒಂದು ಮೂಲೆ ಮಾಸಲಾಗಿದ್ದರೆ ಖುಷಿ ಪಡಿ.

ಆಮೇಲೆ ಇನ್ನೊಂದು ಮಾತು. ಇಲ್ಲಿ ಎಲ್ಲರೂ ಸಿ.ಐ.ಡಿ. 999 ಹಿಂದೆಯೇ ಬಿದ್ದಿರುತ್ತೀರಿ. ನಮ್ಮ ವಿಜಯಪುರ, ನಿಮ್ಮ ಬೆಳಗಾವಿ ಕಡೆ ಹಿಂದಿಯೂ ಅಷ್ಟೇ ಜೋರಾಗಿ ಓಡುತ್ತಿತ್ತು, ಹಿಂದಿ ಸಿನಿಮಾ ವ್ಯಾಪಾರದಲ್ಲಿ ನಾವು ಮುಂಬೈ ವಲಯಕ್ಕೇ ಸೇರಿದವರು. ಜಿತೇಂದ್ರನ ‘ಫರ್ಜ್’ (1967) ಇದೆ, ಅದು ತೆಲುಗಿನಲ್ಲಿ ಕೃಷ್ಣ ಮಾಡಿದ್ದ ‘ಗೂಢಚಾರಿ 116’ (1966) ಸಿನಿಮಾದ ರೀಮೇಕ್. ಧರ್ಮೇಂದ್ರನ ‘ಆಂಖೇಂ’ (1968) ಇದೆ. ಮಿಥುನ್ ಗನ್‌ಮಾಸ್ಟರ್ ಜಿ-9 ಆಗಿದ್ದ ‘ಸುರಕ್ಷಾ’ (1979) ಇದೆ. ಫರ್ಜ್, ಸುರಕ್ಷಾ ಎರಡಕ್ಕೂ ನಿರ್ದೇಶಕ ಒಬ್ಬರೇ, ರವಿಕಾಂತ್ ನಗಾಯಿಚ್. ಮಿಥುನ್ ಪೋಸ್ಟರುಗಳಿಗೆ ಇನ್ನೂ ಯಾರೂ ಅಷ್ಟು ಮುಗಿಬಿದ್ದಿಲ್ಲ, ನಮ್ಮ ಕಡೆ ರದ್ದಿಯಲ್ಲಿ ಸಿಕ್ಕರೆ ಬಿಡಬೇಡಿ.

---

ಕ್ಲೀನ್_ಕಾಪಿ:

ತಮ್ಮಾ, ನೀನು ಹೇಳುವುದು ಮ್ಯೂಸಿಯಂ ಮಾತು. ಗಿರಾಕಿ ದುಡ್ಡು ಕೊಡುವುದು ಮುಖ ನೋಡಿ. ಒಂದು ಒಪ್ಪುತ್ತೇನೆ, ಚೀಟಿ ತೆಗೆದ ಮೇಲೆ ವಾಪಸ್ ಅಂಟಿಸಲು ಆಗುವುದಿಲ್ಲ. ಅವಸರ ಬೇಡ.

---

ಶಹಾಪುರ_ಗಲ್ಲಿ:

ಎಲ್ಲರಿಗೂ ಥ್ಯಾಂಕ್ಸ್. ಟೋಕನ್ ಅಂತ ಸ್ವಲ್ಪ ದುಡ್ಡು ಕೊಟ್ಟು ಮೂರನ್ನೂ ನೋಡಲು ಮನೆಗೆ ತಂದೆ. ತಂಗಿ ಕಿಟಕಿಗೆ ಹಿಡಿದಳು, ನಾನು ನೋಡಿದೆ.

ಡಾಕ್ಟರ್ ವಿಷಯಕ್ಕೆ ಕಿಟಕಿ ಕೂಡ ಬೇಕಾಗಲಿಲ್ಲ. ಎಡಗಡೆ ಮೇಲೆ ‘ಡಾ. ರಾಜ್‌ಕುಮಾರ್’ ಅಂತ ಹಳದಿ ಬಣ್ಣದಲ್ಲಿ ಅಷ್ಟು ದಪ್ಪಗೆ ಇದೆ. ಪಕ್ಕದಲ್ಲಿ ಒಂದು ಓರೆ ಪಟ್ಟಿಯೊಳಗೆ ‘ಹೊಸ ಕಾಪಿ’ ಅಂತಲೂ ಇದೆ, ಅಂದರೆ ಹೊಸ ಪ್ರಿಂಟು ಹಾಕಿ ಮರುಬಿಡುಗಡೆ ಮಾಡಿದಾಗಿನದು. ಬೆಳಕಿಗೆ ಹಿಡಿದಾಗ ಕೆಳಗಿನ ಸಾಲಿನಲ್ಲಿ ‘ಬೆಂಗಳೂರು-560 009’ ಓದಲು ಬಂತು. ಅಲ್ಲಿಗೆ 1968 ಹೋಯಿತು.

ಆದರೆ ನಿಜವಾದ ಮಜಾ ಬೇರೆ. ಕೆಂಪು ಚೀಟಿಯ ಕೆಳಗೆ ಇನ್ನೊಂದು ಚೀಟಿ ಇದೆ! ನೀಲಿ ಮಸಿ, ಅಗಲ ಸ್ವಲ್ಪ ಕಡಿಮೆ, ಊರಿನ ಹೆಸರು ಬಾಗಲಕೋಟೆ, ದಿನಾಲು 3 ಆಟ. ಟಾಕೀಸಿನ ಹೆಸರಿನ ಕೊನೆಯ ಎರಡು ಅಕ್ಷರ ಮಾತ್ರ ಕಂಡವು. ಒಂದೇ ಪೋಸ್ಟರ್ ಎರಡು ಊರಿಗೆ ಹೋಗಿ ಬಂದಿದೆಯಾ? ಗೋಡೆಗೆ ಅಂಟಿಸಿದ್ದನ್ನು ಕಿತ್ತು ಇನ್ನೊಂದು ಊರಿಗೆ ಒಯ್ಯುವುದು ಹೇಗೆ?

ಥಂಡರ್‌ಬಾಲ್ 24 ಇಂಚು, 36 ಇಂಚು. ನಡುವೆ ಮಡಿಕೆಯ ಗುರುತು ಇದೆ.

---

ರದ್ದಿರಾಯ:

ನಾಲ್ಕೂ ಮೂಲೆ ನೋಡಿ. ಸಣ್ಣ ಸಣ್ಣ ತೂತು, ತೂತಿನ ಸುತ್ತ ತುಕ್ಕಿನ ಕಲೆ ಇದೆಯಾ? ಇದ್ದರೆ ಅದು ಗೋಡೆ ಹತ್ತಿದ್ದೇ ಅಲ್ಲ. ಟಾಕೀಸಿನ ಬಾಗಿಲ ಹತ್ತಿರ ಗಾಜಿನ ಶೋಕೇಸ್ ಇರುತ್ತಿತ್ತಲ್ಲ, ಅದರೊಳಗೆ ಪಿನ್ ಚುಚ್ಚಿ ತೂಗು ಹಾಕಿದ್ದು. ಶೋಕೇಸಿನದು ಆಟ ಮುಗಿದ ಮೇಲೆ ಸುತ್ತಿಕೊಂಡು ಮುಂದಿನ ಊರಿಗೆ ಹೋಗಬಹುದು. ಅಲ್ಲಿಯವರು ತಮ್ಮ ಚೀಟಿ ಮೇಲೆ ಮೆತ್ತಿದರು. ಹಿಂಬದಿಗೆ ಗೋಡೆಯ ಸುಣ್ಣ, ಅಂಟು ಏನೂ ಇಲ್ಲದಿದ್ದರೆ ಖಾತ್ರಿ. ಬಣ್ಣ ಇನ್ನೂ ಚೆನ್ನಾಗಿ ಉಳಿದಿದೆ ಅಂತ ನೀವೇ ಹೇಳಿದ್ದಿರಿ, ಅದಕ್ಕೂ ಇದೇ ಕಾರಣ. ಮಳೆ ಬಿಸಿಲು ಕಂಡಿಲ್ಲ.

ಇನ್ನೊಂದು ಇಲ್ಲೇ ಹೇಳಿಬಿಡುತ್ತೇನೆ, ಬಹಳ ಜನ ಕೇಳುತ್ತಾರೆ. 1968ರ ‘ಜೇಡರ ಬಲೆ’, ಅದೇ ವರ್ಷದ ನಿಮ್ಮ ಗೋವಾ, 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ನಿರ್ದೇಶಕ ಜೋಡಿ ದೊರೈ-ಭಗವಾನ್ ಅವರ ಈ ಮೂರೂ ಕಪ್ಪು ಬಿಳುಪು ಸಿನಿಮಾ. ಪೋಸ್ಟರ್ ಬಣ್ಣದ್ದು ಅಂದ ಮಾತ್ರಕ್ಕೆ ನಕಲಿ ಅಂದುಕೊಳ್ಳಬೇಡಿ. ಸಿನಿಮಾದಲ್ಲಿ ಇಲ್ಲದ ಬಣ್ಣವನ್ನೆಲ್ಲ ಪೋಸ್ಟರಿಗೆ ಸುರಿಯುತ್ತಿದ್ದರು. ಬಣ್ಣದಲ್ಲಿ ಬಂದ ಸಿ.ಐ.ಡಿ. 999 ಅಂದರೆ 1978ರ ‘ಆಪರೇಷನ್ ಡೈಮಂಡ್ ರಾಕೆಟ್’.

ಥಂಡರ್‌ಬಾಲ್ ಬಿಟ್ಟುಬಿಡಿ. 24ಕ್ಕೆ 36 ಅನ್ನುವುದು ಗೋಡೆ ಅಲಂಕಾರಕ್ಕೆ ಮಾರುವ ಮರುಮುದ್ರಣದ ಅಳತೆ. 1965ರಲ್ಲಿ ಅಮೆರಿಕದ ಟಾಕೀಸುಗಳಿಗೆ ಹೋಗುತ್ತಿದ್ದ ಮಾಮೂಲಿ ಪೋಸ್ಟರ್, ಅಂದರೆ ಒನ್‌ಶೀಟ್, 27ಕ್ಕೆ 41 ಇಂಚು. ಬ್ರಿಟನ್ನಿನ ಪೋಸ್ಟರ್, ಕ್ವಾಡ್ ಅನ್ನುತ್ತಾರೆ, 30ಕ್ಕೆ 40, ಅದೂ ಅಡ್ಡ. ಅಮೆರಿಕದ್ದಾದರೆ ಕೆಳ ಅಂಚಿನಲ್ಲಿ ಪೋಸ್ಟರ್ ಹಂಚುತ್ತಿದ್ದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಕಂಪನಿಯ ಹೆಸರು, ವರ್ಷದ ಕೊನೆಯ ಎರಡು ಅಂಕಿ, ಗೆರೆ, ಆಮೇಲೆ ಸಂಖ್ಯೆ ಇರುತ್ತದೆ. ಮರುಬಿಡುಗಡೆ ಆದರೆ ವರ್ಷದ ಅಂಕಿಗಿಂತ ಮೊದಲು ‘ಆರ್’ ಅಕ್ಷರ. ಮತ್ತೆ ಆ ಮಡಿಕೆ ಇದೆ ಅಂದಿರಲ್ಲ, ಬೆರಳು ಆಡಿಸಿ ನೋಡಿ. ಆಗಿನ ಒನ್‌ಶೀಟುಗಳು ಮಡಚಿಯೇ ಬರುತ್ತಿದ್ದವು, ಮಡಿಕೆ ಉಬ್ಬಾಗಿ ಕೈಗೆ ಸಿಗುತ್ತದೆ. ಕಾಗದ ನುಣುಪಾಗಿದ್ದು ಮಡಿಕೆ ಕಣ್ಣಿಗೆ ಮಾತ್ರ ಕಂಡರೆ, ಹಳೇ ಪೋಸ್ಟರಿನ ಫೋಟೋ ತೆಗೆದು ಮಡಿಕೆ ಸಮೇತ ಅಚ್ಚು ಹಾಕಿದ್ದಾರೆ ಅಂತ ಅರ್ಥ.

---

ಶಹಾಪುರ_ಗಲ್ಲಿ:

ನುಣುಪು! ಮಡಿಕೆ ಬರೀ ಚಿತ್ರ. ನಗು ಬಂತು. ಮೂಲೆಗಳಲ್ಲಿ ಪಿನ್ನಿನ ತೂತು ಇದೆ, ತುಕ್ಕು ಇದೆ, ಹಿಂಬದಿ ಸ್ವಚ್ಛ. ಇನ್ನು ಬ್ಯಾನರ್ ಬಗ್ಗೆ ಯಾರಾದರೂ ಹೇಳಿ.

---

ಬಣ್ಣದ_ಡಬ್ಬಿ (ನವನಗರ, ಬಾಗಲಕೋಟೆ):

ಬ್ಯಾನರ್ ಬಗ್ಗೆ ನಾನು ಹೇಳುತ್ತೇನೆ. ನಮ್ಮ ತಂದೆ ಫ್ಲೆಕ್ಸ್ ಬರುವ ತನಕ ಟಾಕೀಸುಗಳಿಗೆ ಬ್ಯಾನರ್ ಬರೆಯುತ್ತಿದ್ದರು, ನಾನು ಬಣ್ಣ ಕಲಸಿಕೊಟ್ಟವನು.

ಬಟ್ಟೆ ಹಿಂಬದಿಯಿಂದ ನೋಡಿ. ಮಾಂಜರಪಾಟ ಬಟ್ಟೆಯ ಪಟ್ಟಿಗಳನ್ನು ಹೊಲಿಗೆ ಹಾಕಿ ಜೋಡಿಸಿರುತ್ತಾರೆ. ಅಂಚಿನ ಹತ್ತಿರ ಚೌಕಾಕಾರದ ಗೆರೆಗಳು ಕಂಡರೆ ಅದು ಅಳತೆಯ ಗೆರೆ. ಹಂಚಿಕೆದಾರರು ಒಂದು ಪೋಸ್ಟರ್, ನಾಲ್ಕಾರು ಫೋಟೋ ಕಳಿಸುತ್ತಿದ್ದರು. ಫೋಟೋ ಮೇಲೆ ಸಣ್ಣ ಚೌಕ, ಬಟ್ಟೆ ಮೇಲೆ ದೊಡ್ಡ ಚೌಕ, ಒಂದೊಂದೇ ಚೌಕ ನೋಡಿ ದೊಡ್ಡದು ಮಾಡುವುದು. ಪುಡಿ ಬಣ್ಣಕ್ಕೆ ಅಗಸೆ ಎಣ್ಣೆ. ಸಿನಿಮಾ ನೋಡಿ ಬರೆಯುತ್ತಿದ್ದರು ಅಂದುಕೊಳ್ಳಬೇಡಿ, ಬ್ಯಾನರ್ ಏರಿದ ಮೇಲೆ ಸಿನಿಮಾ ಬರುತ್ತಿತ್ತು. ಹಾಗಾಗಿ ಗೂಢಚಾರಿ ಸಿನಿಮಾ ಅಂತ ಗೊತ್ತಾದರೆ ಸಾಕು, ಫೋಟೋದಲ್ಲಿ ಇಲ್ಲದಿದ್ದರೂ ಕೈಗೆ ಒಂದು ಪಿಸ್ತೂಲು ಬರುತ್ತಿತ್ತು, ಮುಖಕ್ಕೆ ಒಂದು ಕಡೆ ಹಸಿರು, ಒಂದು ಕಡೆ ಕೆಂಪು. ರಸ್ತೆ ಆಚೆಯಿಂದ ನೋಡುವವರಿಗೆ ಅದೇ ಸರಿ. ಹತ್ತಿರದಿಂದ ನೋಡಿದರೆ ಮೂಗು ಬರೀ ಎರಡು ಬ್ರಶ್ ಏಟು.

ನಿಮ್ಮ ಬ್ಯಾನರಿನ ಹೀರೋ ಯಾರು ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಅದನ್ನೂ ಬೆಳಕಿಗೆ ಹಿಡಿಯಿರಿ. ಬಟ್ಟೆಗೆ ದುಡ್ಡು ಜಾಸ್ತಿ, ಬಣ್ಣಕ್ಕೆ ಕಡಿಮೆ. ಸಿನಿಮಾ ಹೋದ ಮೇಲೆ ಅದೇ ಬಟ್ಟೆಗೆ ಬಿಳಿ ಬಳಿದು ಮುಂದಿನದು ಬರೆಯುತ್ತಿದ್ದೆವು. ನಾನೇ ನೋಡಿದ್ದೇನೆ, ಒಬ್ಬ ಹೀರೋನ ಗಲ್ಲದ ಮೇಲೆ ಬಣ್ಣ ಚಕ್ಕಳ ಎದ್ದ ಕಡೆ ಹಿಂದಿನ ಸಿನಿಮಾದ ವಿಲನ್ ಮೀಸೆ ಕಾಣುತ್ತಿತ್ತು. ಕೊನೆಗೆ ಬರೆಯಲು ಬಾರದಷ್ಟು ದಪ್ಪ ಆದಾಗ ಬೆಲ್ಲದ ಗಾಡಿಗೋ ಮೇವಿನ ಬಣವಿಗೋ ಹೊದಿಸಲು ಕೊಡುವುದು. ಎಣ್ಣೆ ಬಣ್ಣ ಇರುವುದರಿಂದ ಮಳೆ ನೀರು ಒಳಗೆ ಹೋಗುವುದಿಲ್ಲ. ಅದಕ್ಕೇ ಇಡೀ ಬ್ಯಾನರ್ ಸಿಗುವುದು ಅಪರೂಪ, ಅರ್ಧ ಸಿಕ್ಕಿದ್ದೇ ದೊಡ್ಡದು.

ತೊಳೆಯಬೇಡಿ, ಇಸ್ತ್ರಿ ಅಂತೂ ಮಾಡಲೇಬೇಡಿ. ಮಡಚಿ ಇಟ್ಟರೆ ಮಡಿಕೆಯಲ್ಲಿ ಬಣ್ಣ ಉದುರುತ್ತದೆ. ದಪ್ಪ ಕೊಳವೆಗೆ ಸುತ್ತಿ, ಬಣ್ಣದ ಮುಖ ಹೊರಗೆ ಬರಬೇಕು. ಒಳಗೆ ಮಾಡಿ ಸುತ್ತಿದರೆ ಬಣ್ಣ ಒತ್ತಿಕೊಂಡು ಸುಕ್ಕಾಗುತ್ತದೆ.

ಆ ನೀಲಿ ಚೀಟಿ ವಿಷಯ. ನಮ್ಮ ಹಳೇ ಊರಿನ ಎಷ್ಟೋ ಭಾಗ ಆಲಮಟ್ಟಿ ಹಿನ್ನೀರಿಗೆ ಹೋಯಿತು, ನಾವು ನವನಗರಕ್ಕೆ ಬಂದೆವು. ಮನೆ ಅಂಗಡಿ ಖಾಲಿ ಮಾಡುವಾಗ ಇಂಥ ಕಾಗದ ಗಾಡಿಗಟ್ಟಲೆ ರದ್ದಿಗೆ ಬಿತ್ತು. ಬೆಳಕಿಗೆ ಹಿಡಿದ ಫೋಟೋ ಇಲ್ಲಿ ಹಾಕಿ, ಕೊನೆಯ ಎರಡು ಅಕ್ಷರ ಇದ್ದರೂ ಸಾಕು, ತಂದೆಗೆ ತೋರಿಸುತ್ತೇನೆ. ಅವರು ಟಾಕೀಸು ಗುರುತು ಹಿಡಿಯಬಹುದು.

---

ಗುಮ್ಮಟದ_ಹುಡುಗ:

ನೋಡಿದಿರಾ ಕ್ಲೀನ್_ಕಾಪಿ ಅಣ್ಣಾ, ಕಿತ್ತಿದ್ದರೆ ಎರಡು ಊರು ಹೋಗುತ್ತಿದ್ದವು 😄

---

ಕ್ಲೀನ್_ಕಾಪಿ:

ಆಯಿತಪ್ಪಾ. ಇದೊಂದು ಬಿಡೋಣ. ಮರುಬಿಡುಗಡೆ ಪೋಸ್ಟರಿಗೆ ರಿಪೇರಿ ಖರ್ಚು ಹಾಕಿದರೆ ಹೇಗೂ ಹುಟ್ಟುವುದಿಲ್ಲ. ಶಹಾಪುರದವರೇ, ಎಂಟು ಸಾವಿರಕ್ಕೆ ಮಾತ್ರ ತಲೆ ಆಡಿಸಬೇಡಿ. ಥಂಡರ್‌ಬಾಲ್ ಪಕ್ಕಕ್ಕಿಟ್ಟು, ‘ಡಾ.’ ಮೇಲೆ ಬೆರಳಿಟ್ಟು ತೋರಿಸಿ, ಆಮೇಲೆ ರೇಟು ಮಾತಾಡಿ.

---

ರದ್ದಿರಾಯ:

ಇಡುವ ವಿಷಯ ಹೇಳುವುದು ಉಳಿಯಿತು. ವಿಜಯಪುರದವರಿಗೆ ಒಣ ಹವೆ, ಕಾಗದ ಸುಮ್ನೆ ಕಪಾಟಿನಲ್ಲಿ ಬಿದ್ದಿದ್ದರೂ ನಡೆಯುತ್ತದೆ, ಗೆದ್ದಲು ಒಂದು ನೋಡಿಕೊಂಡರೆ ಸಾಕು. ನಮ್ಮ ಬೆಳಗಾವಿ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಮೈದಾ ಅಂಟಿಗೆ ಬಾರದೇ ಇರುತ್ತದಾ. ಗೋಡೆಗೆ ತಾಗಿದ ಕಪಾಟು ಬೇಡ, ನೆಲ ಬೇಡ. ಮಂಚದ ಕೆಳಗಂತೂ ಬೇಡವೇ ಬೇಡ. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ, ಎತ್ತರದಲ್ಲಿ, ಗಾಳಿ ಆಡುವ ಕಡೆ. ಬಿಸಿಲು ಬಿದ್ದ ದಿನ ಹೊರಗೆ ತೆಗೆದು ನೆರಳಲ್ಲಿ ಆರಿಸಿ, ಬಿಸಿಲಿಗೆ ಇಡಬೇಡಿ. ಹರಿದ ಕಡೆ ಸೆಲೋಟೇಪ್ ಹಚ್ಚಿದರೆ ಕೆಲವು ವರ್ಷದಲ್ಲಿ ಹಳದಿ ಕಲೆ ಒಳಗೆ ಇಳಿಯುತ್ತದೆ, ಟೇಪ್ ಉದುರಿದರೂ ಕಲೆ ಹೋಗುವುದಿಲ್ಲ. ಲ್ಯಾಮಿನೇಶನ್ ಮಾಡಿಸಿದರೆ ಆ ಪೋಸ್ಟರ್ ನನ್ನ ಹತ್ತಿರ ತರಬೇಡಿ.

ಪುಣೆ ನಮಗೆ ದೂರ ಏನಲ್ಲ. ಅಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಪೋಸ್ಟರ್, ಹಾಡಿನ ಪುಸ್ತಕ, ಫೋಟೋ ಎಲ್ಲ ಕೂಡಿಟ್ಟಿದ್ದಾರೆ. ಮೊದಲ ಬಿಡುಗಡೆಯ ಪೋಸ್ಟರ್ ಹೇಗಿತ್ತು ಅಂತ ಹೋಲಿಸಿ ನೋಡಬೇಕಾದರೆ ಮೊದಲು ಅಲ್ಲಿ ವಿಚಾರಿಸಿ.

---

ಶಹಾಪುರ_ಗಲ್ಲಿ:

ಥಂಡರ್‌ಬಾಲ್ ವಾಪಸ್ ಕೊಟ್ಟೆ. ‘ಡಾ.’ ತೋರಿಸಿದಾಗ ವ್ಯಾಪಾರಿ ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ‘ನಮಗೇನು ಗೊತ್ತು ಸಾಹೇಬ್ರ, ಅವರು ಹುಟ್ಟಾ ಡಾಕ್ಟರ್ ಅಂತ ತಿಳಿದಿದ್ದೆ’ ಅಂದ. ಪೋಸ್ಟರ್, ಬ್ಯಾನರ್ ಎರಡೂ ಸೇರಿ ಎರಡೂವರೆ ಸಾವಿರಕ್ಕೆ ಆಯಿತು. ಚೀಟಿ ಹಾಗೇ ಇದೆ, ಇರುತ್ತದೆ. ಫೋಟೋ ಸಂಜೆ ಹಾಕುತ್ತೇನೆ ಬಣ್ಣದ_ಡಬ್ಬಿಯವರೇ. ಬ್ಯಾನರನ್ನು ಇನ್ನೂ ಬೆಳಕಿಗೆ ಹಿಡಿದಿಲ್ಲ, ಅಷ್ಟು ದೊಡ್ಡದನ್ನು ಹಿಡಿಯಲು ಮೇಲಿನ ಮನೆಯ ಹುಡುಗರು ಬರಬೇಕು. ಸುತ್ತಲು ಅಷ್ಟು ದಪ್ಪದ ಕೊಳವೆ ಎಲ್ಲಿ ಸಿಗುತ್ತದೆ? ಪಿವಿಸಿ ಪೈಪ್ ನಡೆಯುತ್ತದಾ?

---

ಬಣ್ಣದ_ಡಬ್ಬಿ:

ಪಿವಿಸಿ ಬೇಡ. ಯಾವುದಾದರೂ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಗೆ ಹೋಗಿ, ರೋಲ್ ಖಾಲಿಯಾದ ಮೇಲೆ ಒಳಗಿನ ದಪ್ಪ ರಟ್ಟಿನ ಕೊಳವೆ ಮೂಲೆಯಲ್ಲಿ ಬಿದ್ದಿರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಅದಕ್ಕೆ ಒಗೆದ ಹಳೇ ಧೋತರ ಎರಡು ಸುತ್ತು ಸುತ್ತಿ, ಅದರ ಮೇಲೆ ಬ್ಯಾನರ್ ಸುತ್ತಿ. ಜಾಸ್ತಿ ಬಿಗಿ ಮಾಡಬೇಡಿ.